ಯಕ್ಕನಿಗೆ ನೀರು ಬೇಡ

ಮೀಟರಣ್ಣನ ಕೈಗುಣದ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಮನೆಮನೆಯ ಮೀಟರು ಓದುತ್ತಿದ್ದ ಈ ಮನುಷ್ಯ ಯಾವ ಗಿಡ ನೆಟ್ಟರೂ ಅದು ಮೂರು ವಾರದೊಳಗೆ ಕಣ್ಣು ಮುಚ್ಚುತ್ತಿತ್ತು. ದಾಸವಾಳ ಹೋಯಿತು. ಸೇವಂತಿಗೆ ಹೋಯಿತು. ಎಲ್ಲಿ ಎಸೆದರೂ ಬದುಕುತ್ತದೆ ಎಂದು ಎಲ್ಲರೂ ಪ್ರಮಾಣ ಮಾಡಿ ಹೇಳುವ ಪುದೀನ ಕೂಡ ಮೀಟರಣ್ಣನ ಅಂಗಳದಲ್ಲಿ ಎರಡು ದಿನ ಯೋಚನೆ ಮಾಡಿ ಮೂರನೆಯ ದಿನ ಬಾಡಿತು. ಅವನು ಕಡಿಮೆ ಪ್ರೀತಿಯವನಲ್ಲ. ಬೆಳಿಗ್ಗೆ ನೀರು, ಮಧ್ಯಾಹ್ನ ನೀರು, ಸಂಜೆ ಕಚೇರಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಮತ್ತೆ ನೀರು. ಅವನ ಇಲಾಖೆ ಊರಿಗೆಲ್ಲ ಕೊಡುತ್ತಿದ್ದ ನೀರಿಗಿಂತ ಅವನೊಬ್ಬನೇ ಒಂದು ಗುಲಾಬಿಗೆ ಹಾಕುತ್ತಿದ್ದ ನೀರು ಜಾಸ್ತಿ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು.

ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಬೀದಿಯೆಲ್ಲ ಆಕೆಯನ್ನು 'ಸಿಸ್ಟರ್' ಎಂದೇ ಕರೆಯುತ್ತಿತ್ತು. ಕೊನೆಕೊನೆಗೆ ಮೀಟರಣ್ಣನ ಬಾಯಲ್ಲೂ ಅದೇ ಬಂದುಬಿಡುತ್ತಿತ್ತು.

"ನನ್ನ ವಾರ್ಡಲ್ಲಿ ಎಂಥೆಂಥ ಸೀರಿಯಸ್ ಕೇಸುಗಳೂ ಎದ್ದು ನಡ್ಕೊಂಡು ಮನೆಗೆ ಹೋಗ್ತವೆ," ಎಂದಳು ಸಿಸ್ಟರ್, ಪುದೀನ ಹೋದ ದಿನ. "ನಿಮ್ಮ ಕೈಗೆ ಸಿಕ್ಕಿದ್ದು ಒಂದೂ ಉಳಿಯಲ್ಲ. ಇನ್ನೊಂದು ಗಿಡ ಈ ಗೇಟು ದಾಟಿ ಬಂದ್ರೆ ನೋಡಿ ಮತ್ತೆ."

ಇಷ್ಟಕ್ಕೂ ಮೀಟರಣ್ಣನಿಗೆ ಗಿಡದ ಹುಚ್ಚು ಹಿಡಿಸಿದ್ದು ಪಕ್ಕದ ಮನೆಯ ಮೇಷ್ಟ್ರು. ಮೂವತ್ತು ವರ್ಷ ವ್ಯಾಕರಣ ಕಲಿಸಿ ನಿವೃತ್ತರಾದ ಮೇಲೆ ಅವರು ನಲವತ್ತು ಕುಂಡ ಗುಲಾಬಿ ಬೆಳೆಸಿದ್ದರು. ಕುಂಡಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿರುತ್ತಿದ್ದವು, ಪ್ರಾರ್ಥನೆಗೆ ನಿಂತ ತರಗತಿಯ ಹಾಗೆ. ಸಂಜೆ ನಡೆಯಲು ಹೊರಟವರೆಲ್ಲ ಅಲ್ಲಿ ನಿಲ್ಲುತ್ತಿದ್ದರು, ಹೊಗಳುತ್ತಿದ್ದರು. ನಂತರ ಮೀಟರಣ್ಣನ ಬೋಳು ಅಂಗಳದ ಮುಂದೆ ಹೆಜ್ಜೆ ಚುರುಕು ಮಾಡಿ ದಾಟಿಹೋಗುತ್ತಿದ್ದರು. ಸಾವಿನ ಮನೆಯ ಮುಂದೆ ನಿಂತು ಹರಟುವುದು ಯಾರಿಗೂ ಚೆನ್ನಾಗಿ ಕಾಣುವುದಿಲ್ಲವಲ್ಲ.

ಹೀಗಿರುವಾಗ ಒಂದು ದಿನ ಮೀಟರಣ್ಣ ಮೀಟರು ಓದಲು ಒಂದು ನರ್ಸರಿಗೆ ಹೋದ. ಸಂಖ್ಯೆ ಬರೆದುಕೊಂಡ ಮೇಲೂ ಅವನು ಹೊರಡದೆ ಗಿಡಗಳ ನಡುವೆ ತಿರುಗುತ್ತಿದ್ದುದನ್ನು ಕಂಡು ನರ್ಸರಿಯವನು ಏನು ಬೇಕೆಂದು ಕೇಳಿದ.

"ಸಾಯದೇ ಇರೋ ಗಿಡ ಯಾವುದಾದ್ರೂ ಇದೆಯಾ?"

"ಪ್ಲಾಸ್ಟಿಕ್ಕಿಂದು ಪಕ್ಕದ ಅಂಗಡೀಲಿ ಸಿಗುತ್ತೆ."

ಮೀಟರಣ್ಣನ ಮುಖ ಇಳಿದದ್ದನ್ನು ನೋಡಿ ನರ್ಸರಿಯವನಿಗೆ ಅಯ್ಯೋ ಅನ್ನಿಸಿರಬೇಕು. ಮರಳಿನ ರಾಶಿಯ ಹಿಂದೆ ಒಡೆದ ಕುಂಡದಲ್ಲಿ ಕೂತಿದ್ದ ಒಂದು ಗಿಡವನ್ನು ತೋರಿಸಿದ. ಕತ್ತಿಗಳ ಕಂತೆಯನ್ನು ಯಾರೋ ಹಿಡಿ ಕೆಳಗೆ, ಮೊನೆ ಮೇಲೆ ಮಾಡಿ ನೆಲಕ್ಕೆ ಊರಿದಂತಿತ್ತು. ಬೂದಿ ಬೆರೆತ ಹಸಿರು ಎಲೆಗಳು ಸುತ್ತಲೂ ಚಾಚಿಕೊಂಡಿದ್ದವು. ಒಂದೊಂದರ ತುದಿಯಲ್ಲೂ ಸೂಜಿ, ಅಂಚಿನಲ್ಲಿ ಬಿಳಿ ದಾರದ ಗುಂಗುರು.

"ಇದು ಯಕ್ಕಾ. ಎರಡು ವರ್ಷದಿಂದ ಇಲ್ಲಿದೆ. ನಾನು ಇದನ್ನ ಮರ್ತೇಬಿಟ್ಟಿದ್ದೆ, ಆದ್ರೆ ಇದು ನನ್ನ ಮರ್ತಿಲ್ಲ, ಹಾದುಹೋದಾಗೆಲ್ಲ ಚುಚ್ಚುತ್ತೆ."

"ಇದಕ್ಕೆ ಏನೇನು ಮಾಡ್ಬೇಕು?"

"ಏನೂ ಮಾಡ್ಬೇಡಿ. ಬಿಸಿಲಲ್ಲಿ ನೆಡಿ, ಬಿಟ್ಟುಬಿಡಿ. ನೀರು ನಿಲ್ಲೋ ಹಾಗೆ ಮಾತ್ರ ಮಾಡ್ಬೇಡಿ, ಬುಡ ಕೊಳೆಯುತ್ತೆ. ಬಾಯಾರಿಕೆಯಿಂದ ಸತ್ತ ಯಕ್ಕಾನ ನಾನು ಕಂಡಿಲ್ಲ. ನೀರು ಕುಡಿಸಿ ಸಾಯಿಸಿದ್ದು ಮಾತ್ರ ಸುಮಾರು ಕಂಡಿದ್ದೀನಿ."

ಮೀಟರಣ್ಣ ಅಲ್ಲಿಂದಲೇ ಹೆಂಡತಿಗೆ ಫೋನು ಮಾಡಿದ. ಅತಿ ಸಂತೋಷದಲ್ಲಿ ಮನುಷ್ಯ ವಾಕ್ಯವನ್ನು ಪೂರ್ತಿ ಮಾಡುವುದಿಲ್ಲ. ಅವನು ಹೇಳಿದ್ದು ಇಷ್ಟೇ: "ಸಂಜೆ ಯಕ್ಕನ್ನ ಕರ್ಕೊಂಡು ಬರ್ತಿದ್ದೀನಿ."

ಆ ಕಡೆಯಿಂದ ಫೋನು ಕಟ್ಟಾಯಿತು. ಮೀಟರಣ್ಣನಿಗೆ ದೂರದ ಊರಲ್ಲಿ ಒಬ್ಬ ಅಕ್ಕ ಇದ್ದಾಳೆಂಬುದನ್ನು ಇಲ್ಲಿ ಹೇಳಬೇಕು. ಆಕೆ ಹಿಂದಿನ ಸಲ ನಾಲ್ಕು ದಿನಕ್ಕೆಂದು ಬಂದು ನಲವತ್ತು ದಿನ ಇದ್ದು, ಅಡುಗೆಮನೆಯ ಡಬ್ಬಿಗಳನ್ನೆಲ್ಲ ತನಗೆ ಬೇಕಾದಂತೆ ಜೋಡಿಸಿಟ್ಟು ಹೋಗಿದ್ದಳು.

ಸಂಜೆ ಅವನು ಗೋಣಿಯಲ್ಲಿ ಸುತ್ತಿದ ಗಿಡವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಾಗ ಸಿಸ್ಟರ್ ಹಿಂದಿನ ಕೋಣೆಯ ಹಾಸಿಗೆಗೆ ಹೊಸ ಹೊದಿಕೆ ಹಾಸಿ, ಬೀರು ಅರ್ಧ ಖಾಲಿ ಮಾಡಿ, ಮುಖ ಬಿಗಿದು ಬಾಗಿಲಲ್ಲಿ ನಿಂತಿದ್ದಳು.

"ಎಲ್ಲಿ ನಿಮ್ಮಕ್ಕ?"

"ಯಾವ ಅಕ್ಕ? ಇದು ಯಕ್ಕಾ. ಗಿಡ."

ಸಿಸ್ಟರ್ ಗಿಡವನ್ನು ನೋಡಿದಳು. ಒಳಗೆ ಹಾಸಿದ ಹಾಸಿಗೆಯನ್ನು ನೋಡಿದಳು. ಮತ್ತೆ ಗಿಡವನ್ನು ನೋಡಿದಳು. ಮದುವೆಯಾದ ಮೇಲೆ ಮೊದಲ ಸಲ ಆಕೆ ಗಂಡನ ಗಿಡವೊಂದರ ಪರ ನಿಂತಳು.

"ಈ ಯಕ್ಕ ಆದ್ರೆ ಎಷ್ಟು ದಿನ ಬೇಕಾದ್ರೂ ಇರ್ಲಿ," ಎಂದಳು.

ಗೇಟಿನ ಪಕ್ಕ ಯಕ್ಕ ಊರಿಕೊಂಡಳು. ಊರಿಕೊಂಡಿತು ಎಂದು ಬರೆಯಬೇಕಿತ್ತು, ಆದರೆ ಎದುರುಮನೆಯ ಅಜ್ಜಿ ಮೊದಲ ದಿನವೇ "ಏನಪ್ಪಾ, ನಿನ್ನ ಯಕ್ಕ ಹೇಗಿದ್ದಾಳೆ?" ಎಂದು ಕೇಳಿದ ಮೇಲೆ ಬೀದಿಯಲ್ಲಿ ಯಾರೂ ಅದನ್ನು ಗಿಡವೆಂದು ಕರೆಯಲಿಲ್ಲ. ಮೇಷ್ಟ್ರು ಒಬ್ಬರೇ ಒಪ್ಪಲಿಲ್ಲ. ಗಿಡ ನಪುಂಸಕಲಿಂಗ ಎಂದರು.

ಮೂರು ವರ್ಷ ಕಳೆಯಿತು. ಮೀಟರಣ್ಣನಿಗೆ ನೀರು ಹಾಕದೆ ಇರುವುದು ಸುಲಭವಾಗಿರಲಿಲ್ಲ. ಮೊದಲ ತಿಂಗಳು ಸಂಜೆಯಾದರೆ ಕೈ ತಾನಾಗಿ ಬಕೆಟ್ಟಿನ ಕಡೆ ಹೋಗುತ್ತಿತ್ತು. ಸಿಸ್ಟರ್ ಬಕೆಟ್ಟನ್ನೇ ಅಡಗಿಸಿಟ್ಟಳು. ಯಕ್ಕ ಬೆಳೆದಳು. ಎಲೆಗಳು ಮೊಳದುದ್ದ ಇದ್ದವು ಎರಡು ಮೊಳವಾದವು. ಗಾಳಿಗೆ ಬೇರೆ ಗಿಡಗಳು ತೂಗಾಡುತ್ತಿದ್ದರೆ ಇವಳು ಸಿಪಾಯಿಯಂತೆ ನೆಟ್ಟಗೆ ನಿಲ್ಲುತ್ತಿದ್ದಳು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಎಲೆಯಂಚಿನ ದಾರಗಳು ಬೆಳ್ಳಿಯ ಎಳೆಗಳಂತೆ ಹೊಳೆಯುವುದನ್ನು ಮೀಟರಣ್ಣ ಹಲ್ಲುಜ್ಜುತ್ತಾ ನೋಡುತ್ತಿದ್ದ. ನೋಡುತ್ತಾ ನೋಡುತ್ತಾ ಹಲ್ಲುಜ್ಜುವುದನ್ನು ಮರೆಯುತ್ತಿದ್ದ. ಆದರೂ ಬೀದಿ ಮಾತ್ರ ಗುಲಾಬಿಯ ಮುಂದೆಯೇ ನಿಲ್ಲುತ್ತಿತ್ತು.

ನಾಲ್ಕನೆಯ ವರ್ಷ ಮಳೆ ಕೈಕೊಟ್ಟಿತು. ಕೆರೆಯ ತಳ ಕಂಡಿತು. ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ, ಒಂದು ತಾಸು ಮಾತ್ರ ನೀರು ಬರತೊಡಗಿತು. ತೋಟಕ್ಕೆ, ಕುಂಡಕ್ಕೆ, ವಾಹನಕ್ಕೆ ನೀರು ಬಳಸುವಂತಿಲ್ಲವೆಂದು ಇಲಾಖೆ ನೋಟೀಸು ಹೊರಡಿಸಿತು. ಆ ನೋಟೀಸನ್ನು ಬೀದಿಯ ಪ್ರತಿ ಗೇಟಿಗೂ ಅಂಟಿಸಿದವನು ಸ್ವತಃ ಮೀಟರಣ್ಣ. ಮೇಷ್ಟ್ರ ಗೇಟಿನದನ್ನು ಎಲ್ಲಕ್ಕಿಂತ ಕೊನೆಗೆ ಅಂಟಿಸಿದ. ಮೇಷ್ಟ್ರು ನೋಟೀಸನ್ನು ಪೂರ್ತಿ ಓದಿ, ಎರಡು ಕಾಗುಣಿತದ ತಪ್ಪು ತಿದ್ದಿ, ಒಳಗೆ ಹೋದರು. ಮೇಷ್ಟ್ರು ನಿಯಮ ಮೀರುವವರಲ್ಲ. ಒಂದು ತಿಂಗಳಲ್ಲಿ ನಲವತ್ತು ಕುಂಡಗಳೂ ಕಂದು ಕಡ್ಡಿಗಳಾದವು.

ಬೀದಿ ಪೂರ್ತಿ ಕಾಗದದ ಬಣ್ಣಕ್ಕೆ ತಿರುಗಿತು. ಆ ಬಣ್ಣದ ನಡುವೆ ಯಕ್ಕ ಒಬ್ಬಳೇ ಹಸಿರಾಗಿ ನಿಂತಿದ್ದಳು. ಮೂರು ವರ್ಷ ಕಣ್ಣೆತ್ತಿ ನೋಡದಿದ್ದವರು ಈಗ ನಿಂತರು. ಕೊನೆಗೊಂದು ಸಂಜೆ ಮೇಷ್ಟ್ರೂ ನಿಂತರು.

"ಇಷ್ಟು ಬಿಸಿಲಲ್ಲಿ ಇದು ಹೀಗಿದೆಯಲ್ಲ, ಏನು ಮಾಡ್ತೀರಿ ಇದಕ್ಕೆ?"

ಇದಕ್ಕೆ ಸರಿಯಾದ ಉತ್ತರ "ಏನೂ ಇಲ್ಲ ಮೇಷ್ಟ್ರೇ" ಎಂಬುದು. ಉತ್ತರ ಬಾಯಿಯ ತನಕ ಬಂದಿತ್ತು ಕೂಡ. ಆದರೆ ಹುಟ್ಟಿದಾಗಿನಿಂದ ಯಾರೂ ಮೀಟರಣ್ಣನನ್ನು ಏನು ಮಾಡ್ತೀರಿ, ಹೇಗೆ ಮಾಡ್ತೀರಿ ಎಂದು ಬೆರಗಿನಿಂದ ಕೇಳಿದವರಿಲ್ಲ. ಸುತ್ತ ಆರೇಳು ಜನ ಬೇರೆ ಕಿವಿಗೊಟ್ಟು ನಿಂತಿದ್ದರು. ಅವನು ಗಂಟಲು ಸರಿಮಾಡಿಕೊಂಡ.

"ಒಂದು ಪದ್ಧತಿ ಇದೆ, ಮೇಷ್ಟ್ರೇ," ಎಂದ.

"ಯಾವ ಪದ್ಧತಿ?"

"ಅದನ್ನ ಹಾಗೆಲ್ಲ ಒಂದು ಮಾತಲ್ಲಿ ಹೇಳೋಕಾಗಲ್ಲ."

ಅದು ಸುಳ್ಳೇನಲ್ಲ. ಇಲ್ಲದ್ದನ್ನು ಎಷ್ಟು ಮಾತಲ್ಲೂ ಹೇಳೋಕಾಗಲ್ಲ. ಆದರೆ ಪದ್ಧತಿ ಇದೆ ಎಂದ ಮೇಲೆ ಪದ್ಧತಿ ಇರುವಂತೆ ಕಾಣಬೇಕಲ್ಲ? ಮರುದಿನದಿಂದ ಮೀಟರಣ್ಣ ಸಂಜೆ ಐದೂವರೆಗೆ ಕೈ ಹಿಂದೆ ಕಟ್ಟಿ ಯಕ್ಕನ ಸುತ್ತ ನಡೆಯತೊಡಗಿದ. ಒಂದು ಎಲೆಯನ್ನು ಬೆರಳಿಂದ ಮೀಟಿ ಸದ್ದು ಕೇಳುತ್ತಿದ್ದ. "ಹೂಂ" ಎನ್ನುತ್ತಿದ್ದ. ಕಚೇರಿಯ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದ. ಮೂರನೆಯ ದಿನದ ಹೊತ್ತಿಗೆ ಮೂಲೆಮನೆಯವರು ತಮ್ಮ ಸತ್ತ ನಿಂಬೆಗಿಡದ ಸುತ್ತ ಕೈ ಹಿಂದೆ ಕಟ್ಟಿ ಸುತ್ತುತ್ತಿದ್ದುದು ಕಂಡುಬಂತು.

"ಯಾವ ಪದ್ಧತಿ ರೀ ಅದು?" ಎಂದು ಸಿಸ್ಟರ್ ಕೇಳಿದಳು.

"ಸುಮ್ಮನಿರೇ. ಬೀದಿ ನೋಡ್ತಿದೆ."

ಬೀದಿ ನೋಡುತ್ತಲೂ ಇತ್ತು, ಯೋಚಿಸುತ್ತಲೂ ಇತ್ತು. ನೀರಿನ ಇಲಾಖೆಯ ಮನುಷ್ಯ. ಬೀದಿಯಲ್ಲಿ ಅವನದೊಂದೇ ಗಿಡ ಹಸಿರು. ಕೇಳಿದರೆ ಪದ್ಧತಿ ಇದೆ ಅನ್ನುತ್ತಾನೆ, ಯಾವುದೆಂದು ಹೇಳುವುದಿಲ್ಲ. ಮೂರನ್ನೂ ಕೂಡಿಸಿದರೆ ಏನು ಬರುತ್ತದೆಂದು ಲೆಕ್ಕ ಬಾರದವರಿಗೂ ಗೊತ್ತಾಗುತ್ತದೆ. ಎರಡು ವಾರದಲ್ಲಿ ಇಲಾಖೆಗೆ ಹೆಸರಿಲ್ಲದ ಒಂದು ಅರ್ಜಿ ಬಂತು.

"ಮಾನ್ಯರೇ, ಇಡೀ ಬೀದಿಯೇ ಒಣಗಿರುವ ಈ ದಿನಗಳಲ್ಲಿ, ತಮ್ಮ ನೌಕರರೊಬ್ಬರ ಮನೆಯಲ್ಲಿ, ಯಕ್ಕ ಎಂಬ ಹೆಸರಿನದು ಮಾತ್ರ ದಿನದಿನಕ್ಕೆ ಸೊಂಪಾಗುತ್ತಿರುವುದು ಹೇಗೆ? ಗುಪ್ತ ನಳವೊಂದರ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ; ತನಿಖೆಯಾಗಬೇಕು. ಇತಿ, ನೊಂದ ನಾಗರಿಕ."

ಅರ್ಜಿಗಳು ಯಾವ ಬೀದಿಯವೋ ಆ ಬೀದಿಯ ಮೀಟರು ಓದುವವನ ಮೇಜಿಗೆ ತನಿಖೆಗೆ ಹೋಗುವುದು ಆ ಕಚೇರಿಯ ಕ್ರಮ. ಹಾಗಾಗಿ ಅದು ನೇರವಾಗಿ ಮೀಟರಣ್ಣನ ಮೇಜಿಗೆ ಬಂತು. ಅವನು ಓದಿದ. ಅರ್ಧವಿರಾಮವನ್ನು ಅಷ್ಟು ಸರಿಯಾದ ಜಾಗದಲ್ಲಿ ಹಾಕುವ ನೊಂದ ನಾಗರಿಕ ಬೀದಿಯಲ್ಲಿ ಒಬ್ಬರೇ ಎಂದು ಅವನಿಗೆ ಗೊತ್ತಿತ್ತು. ಆದರೂ ಕರ್ತವ್ಯ ಕರ್ತವ್ಯವೇ. ಮರುದಿನ ಸಮವಸ್ತ್ರ ತೊಟ್ಟು, ಪುಸ್ತಕ ಹಿಡಿದು, ತನ್ನ ಮನೆಯ ಗೇಟನ್ನು ತಾನೇ ತಟ್ಟಿದ.

"ಯಾರು ಬೇಕಿತ್ತು?" ಎಂದಳು ಸಿಸ್ಟರ್ ಕಿಟಕಿಯಿಂದ.

"ಯಜಮಾನರು ಇದ್ದಾರಾ?"

"ಬುದ್ಧಿ ಒಂದು ಬಿಟ್ಟು ಉಳಿದದ್ದೆಲ್ಲ ಇದೆ, ಒಳಗೆ ಬನ್ನಿ."

ಅವನು ಬರೆದ ವರದಿ ಹೀಗಿತ್ತು: "ಆದೇಶದಂತೆ ಸದರಿ ಮನೆಗೆ ಭೇಟಿ ನೀಡಿದೆ. ಯಜಮಾನರು ಮನೆಯಲ್ಲೇ ಇದ್ದರು. ಸಭ್ಯರು. ವಿಚಾರಣೆಗೆ ಸಂಪೂರ್ಣ ಸಹಕಾರ ನೀಡಿದರು. ಗುಪ್ತ ನಳದ ಬಗ್ಗೆ ಕೇಳಲಾಗಿ, ಇಲ್ಲವೆಂದರು. ಅವರನ್ನು ನಂಬದಿರಲು ಯಾವ ಕಾರಣವೂ ಕಾಣಲಿಲ್ಲ."

ಇಂಜಿನಿಯರು ವರದಿಯನ್ನು ಎರಡು ಸಲ ಓದಿದರು. ಅವರು ಪೈಪಿನ ವಿಷಯದಲ್ಲಿ ಹೆತ್ತ ತಾಯಿಯ ಮಾತನ್ನೂ ನಂಬದೆ ಅಗೆದು ನೋಡುವ ಮನುಷ್ಯ.

"ನಿಮ್ಮ ಮನೆಗೆ ನೀವೇ ತನಿಖೆಗೆ ಹೋಗಿದ್ರಾ?"

"ಆ ಬೀದಿ ನನ್ನದೇ ಸಾರ್."

"ಯಜಮಾನರು ಸಭ್ಯರು ಅಂತ ಬರ್ದಿದ್ದೀರಿ."

"ಕಂಡಿದ್ದನ್ನ ಬರ್ದೆ ಸಾರ್."

"ಈ ಯಕ್ಕ ಯಾರು?"

"ಗಿಡ ಸಾರ್. ಅದಕ್ಕೆ ನೀರೇ ಬೇಡ."

"ನೀರು ಬೇಡದ ಗಿಡ!" ಇಂಜಿನಿಯರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಏನೋ ಪದ್ಧತಿ ಇದೆ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದೀರಂತಲ್ಲ, ಅದೇನು?"

ಮೀಟರಣ್ಣ ತನ್ನ ಪುಸ್ತಕ ತೆರೆದ. ಮುಚ್ಚಿದ. ಮೌನವೆಂಬುದು ಕೆಲವು ಕಡೆ ಜ್ಞಾನದಂತೆ ಕಾಣುತ್ತದೆ, ಮೇಲಧಿಕಾರಿಯ ಮುಂದೆ ಮಾತ್ರ ಕಳ್ಳತನದಂತೆ ಕಾಣುತ್ತದೆ.

"ನಾಳೆ ಹತ್ತು ಗಂಟೆಗೆ ನಾನೇ ಬರ್ತೀನಿ," ಎಂದರು ಇಂಜಿನಿಯರು. "ನಳ ಸಿಕ್ಕರೆ ಇಪ್ಪತ್ತೈದು ವರ್ಷದ ಸರ್ವೀಸು ಅಲ್ಲಿಗೆ ಮುಗೀತು. ತಿಳ್ಕೊಳ್ಳಿ."

ಹತ್ತು ಗಂಟೆಗೆ ಇಲಾಖೆಯ ಜೀಪು ಬಂತು. ಹಾರೆ, ಗುದ್ದಲಿ ಹಿಡಿದ ಫಿಟ್ಟರು ಇಳಿದ. ಬೀದಿಯ ಎಲ್ಲ ಗೇಟುಗಳೂ ತೆರೆದುಕೊಂಡವು. ಇಂಜಿನಿಯರು ಅರ್ಜಿಯ ಪ್ರತಿಯನ್ನು ಕೈಯಲ್ಲಿ ಹಿಡಿದಿದ್ದರು. ಗಿಡದ ಕಥೆಯನ್ನು ಅವರು ಒಂದಿಷ್ಟೂ ನಂಬಿರಲಿಲ್ಲ. ಮನೆಯಲ್ಲಿ ಯಾರೋ ಅಕ್ಕನನ್ನು ಇಟ್ಟುಕೊಂಡು ಆಕೆಯ ಹೆಸರಲ್ಲಿ ಎರಡನೆಯ ನಳ ಎಳೆದಿದ್ದಾನೆಂದು ಅವರ ಲೆಕ್ಕ.

"ಮೊದಲು ನಿಮ್ಮ ಸಿಸ್ಟರನ್ನ ಕರೀರಿ," ಎಂದರು.

"ಸಿಸ್ಟರ್ ಡ್ಯೂಟಿಗೆ ಹೋಗಿದ್ದಾಳೆ ಸಾರ್," ಎಂದ ಮೀಟರಣ್ಣ ಪ್ರಾಮಾಣಿಕವಾಗಿ. "ಅರ್ಧ ದಿನ ರಜೆ ಹಾಕಿ ಬರ್ತೀನಿ ಅಂದಿದ್ದಳು."

"ನೋಡಿ, ಇದ್ದಾರೆ ಅಂತ ಈಗ ಒಪ್ಕೊಂಡ್ರಿ. ಎಷ್ಟು ವರ್ಷದಿಂದ ನಿಮ್ಮ ಜೊತೆ ಇದ್ದಾರೆ?"

"ಹತ್ತೊಂಬತ್ತು ವರ್ಷ ಸಾರ್."

ಅಷ್ಟರಲ್ಲಿ ಬಿಳಿ ಸಮವಸ್ತ್ರದಲ್ಲಿ ಸಿಸ್ಟರ್ ಗೇಟಿಗೆ ಬಂದಳು.

"ಓ, ಸಿಸ್ಟರ್ ಬಂದ್ರು," ಎಂದಳು ಎದುರುಮನೆಯ ಅಜ್ಜಿ.

"ಇವರು ಇವರ ಸಿಸ್ಟರಾ?" ಎಂದು ಇಂಜಿನಿಯರು ಅಜ್ಜಿಯನ್ನೇ ಕೇಳಿದರು.

"ಹೌದು ಸ್ವಾಮಿ. ಇವನ ಹೆಂಡತಿ."

ಇಂಜಿನಿಯರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು. ಸಂಸಾರದ ವಿಷಯ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ತೀರ್ಮಾನಿಸಿದವರಂತೆ ಫಿಟ್ಟರನ ಕಡೆ ತಿರುಗಿ, "ಅಗಿ," ಎಂದರು.

"ಸಾರ್, ಬೇಡ ಸಾರ್," ಎಂದ ಮೀಟರಣ್ಣ. ಯಾರೂ ಕೇಳಲಿಲ್ಲ.

ನೆಲ ಕಲ್ಲಾಗಿತ್ತು. ಹಾರೆ ಬಿದ್ದಲ್ಲೆಲ್ಲ ಧೂಳೆದ್ದಿತು. ಒಂದು ಅಡಿ, ಎರಡು ಅಡಿ. ಫಿಟ್ಟರನ ಕೈಗೆ ಯಕ್ಕ ನಾಲ್ಕು ಕಡೆ ಚುಚ್ಚಿದಳು. ಅವನು ಬಯ್ಯುತ್ತಾ ಬುಡದ ಪಕ್ಕ ಇನ್ನೂ ಜೋರಾಗಿ ಹಾರೆ ಹಾಕಿದ. ಥಡ್ ಎಂದು ಬೇರೆಯದೇ ಸದ್ದು ಬಂತು.

"ಪೈಪ್ ಸಿಕ್ತು ಸಾರ್!"

ಬೀದಿ ಗೇಟು ಬಿಟ್ಟು ಒಳಗೆ ನುಗ್ಗಿತು. ಮಣ್ಣಿನೊಳಗೆ ಮುಂಗೈ ದಪ್ಪದ, ಕಂದು ಬಣ್ಣದ, ಅಡ್ಡಡ್ಡ ಹೋದ ಏನೋ ಕಾಣುತ್ತಿತ್ತು. "ಮುಕ್ಕಾಲು ಇಂಚಲ್ಲ, ಎರಡೂವರೆ ಇಂಚಿನ ಲೈನು!" ಎಂದು ಫಿಟ್ಟರು ಉತ್ಸಾಹದಲ್ಲಿ ಮತ್ತೊಂದು ಏಟು ಹಾಕಿದ. ಪೈಪು ಎರಡಾಯಿತು. ನೀರು ಚಿಮ್ಮುವುದೆಂದು ಎಲ್ಲರೂ ಹಿಂದಕ್ಕೆ ಹಾರಿದರು. ಮೇಷ್ಟ್ರು ಪಂಚೆ ಹಿಡಿದೆತ್ತಿಕೊಂಡರು.

ಒಂದು ಹನಿ ನೀರೂ ಬರಲಿಲ್ಲ. ತುಂಡಾದ ಜಾಗದಲ್ಲಿ ಹಾಲುಬಿಳುಪಿನ ತಿರುಳು ಕಂಡಿತು. ಇಂಜಿನಿಯರು ಮಂಡಿಯೂರಿ ಕೂತು ಬೆರಳಿಂದ ಮುಟ್ಟಿದರು. ಬೇರುಗಡ್ಡೆ. ಮೊಳಕೆಗಳ ಮುತ್ತು ಕಟ್ಟಿಕೊಂಡು, ಒಣಮಣ್ಣಿನೊಳಗೆ ತನ್ನದೇ ಒಂದು ಉಗ್ರಾಣ ಮಾಡಿಕೊಂಡು ಮಲಗಿದ ಬೇರು. ಸುತ್ತಲಿನ ಮಣ್ಣನ್ನು ಅವರು ಮುಷ್ಟಿಯಲ್ಲಿ ತೆಗೆದು ಹಿಂಡಿದರು. ಅದು ಹಿಟ್ಟಿನಂತೆ ಬೆರಳ ಸಂದಿಯಿಂದ ಸುರಿದುಹೋಯಿತು. ಇನ್ನೂ ಒಂದು ಅಡಿ ಕೆಳಗಿನದನ್ನು ತೆಗೆಸಿದರು. ಅದೂ ಹಾಗೇ.

"ಮೂರು ಅಡಿ ತನಕ ತೇವವೇ ಇಲ್ಲ," ಎಂದರು ಇಂಜಿನಿಯರು ಮೆಲ್ಲಗೆ. ಊರಿಗೆಲ್ಲ ನೀರು ಹಂಚಿ ಹಂಚಿ ಸೋತ ಆ ಮನುಷ್ಯ, ಯಾರ ಹತ್ತಿರವೂ ಏನನ್ನೂ ಕೇಳದೆ ನಿಂತ ಒಂದು ಜೀವವನ್ನು ಮೊದಲ ಸಲ ಕಂಡಂತಿತ್ತು. "ನನ್ನ ಸರ್ವೀಸಲ್ಲೇ ಇಂಥ ಗ್ರಾಹಕರನ್ನ ನೋಡಿಲ್ಲ," ಎಂದರು.

ಆಗ ಯಕ್ಕ ವಾಲಿದಳು. ಬುಡದ ಒಂದು ಬದಿಯ ಬೇರು ಹೋಗಿತ್ತು. ಗುಂಡಿಯ ಕಡೆಗೆ ನಿಧಾನವಾಗಿ ಒರಗಿ, ಕತ್ತಿಯೆಲೆಗಳು ಮಣ್ಣಿಗೆ ತಾಗಿ ನಿಂತಳು. ಫಿಟ್ಟರು ಹಾರೆಯನ್ನು ಬೆನ್ನ ಹಿಂದೆ ಅಡಗಿಸಿದ.

ಮೊದಲು ಹೊರಟವರು ಮೇಷ್ಟ್ರು. ಸರಸರ ತಮ್ಮ ಮನೆಗೆ ಹೋಗಿ ಒಂದು ಬಕೆಟ್ ನೀರು ಹೊತ್ತು ತಂದರು. ಮೂರು ದಿನಕ್ಕೆ ಅವರ ಮನೆಗೆ ಬರುವುದೇ ಆರು ಬಕೆಟ್ಟು. ಸಾಯುತ್ತಿದ್ದ ಗುಲಾಬಿಗೆ ಒಂದು ಲೋಟ ಹಾಕದಿದ್ದವರು ಈಗ ತುಂಬಿದ ಬಕೆಟ್ಟನ್ನು ತುಳುಕಿಸದೆ ತರುತ್ತಿದ್ದರು. ಕಣ್ಣು ಕೆಂಪಾಗಿತ್ತು.

"ನೊಂದ ನಾಗರಿಕ ನಾನೇ," ಎಂದರು, ಯಾರೂ ಕೇಳದೆಯೇ. "ನನ್ನ ಗಿಡ ಒಣಗಿದ ಹೊಟ್ಟೆಕಿಚ್ಚಲ್ಲಿ ಬರ್ದುಬಿಟ್ಟೆ ಕಣಪ್ಪಾ. ಸರೀರಿ, ಮೊದಲು ಇದಕ್ಕೆ ನೀರು ಹಾಕೋಣ."

ಅವರನ್ನು ನೋಡಿ ಬೀದಿಯೇ ಎದ್ದಿತು. ಅಜ್ಜಿ ಕೆಟಲಿನಲ್ಲಿ ತಂದಳು. ಮೂಲೆಮನೆಯವರು ಬಾಟಲಿಗಳಲ್ಲಿ ತಂದರು. ಫಿಟ್ಟರು ಜೀಪಿನ ರೇಡಿಯೇಟರಿಗೆಂದು ಇಟ್ಟಿದ್ದ ಕ್ಯಾನನ್ನೇ ಎತ್ತಿದ. ಇಂಜಿನಿಯರು ಫೋನು ತೆಗೆದು, "ಒಂದು ಟ್ಯಾಂಕರ್ ಕಳ್ಸಿ, ಅರ್ಜೆಂಟು," ಎನ್ನುತ್ತಿದ್ದರು. ಕುಡಿಯುವ ನೀರಿಗೆ ಹೊಡೆದಾಡುತ್ತಿದ್ದ ಬೀದಿ ತನ್ನ ಪಾಲನ್ನು ಒಂದು ಗಿಡಕ್ಕೆ ಹೊತ್ತು ತರುತ್ತಿತ್ತು. ಅಂಥ ದೃಶ್ಯಕ್ಕೆ ಯಾರಾದರೂ ಕಣ್ಣೀರು ಹಾಕಬೇಕು. ಮೀಟರಣ್ಣ ಕಿರುಚಿದ.

"ಬೇಡ! ನೀರು ಬೇಡ! ಸತ್ತೇಹೋಗುತ್ತೆ!"

ಮನೆಯೊಳಗೆ ಓಡಿದ. ಮರುಕ್ಷಣ ದೊಡ್ಡ ಕಪ್ಪು ಕೊಡೆ ಬಿಚ್ಚಿಕೊಂಡು ಬಂದು ಗುಂಡಿಗೆ ಧುಮುಕಿ, ಯಕ್ಕನ ಬುಡಕ್ಕೆ ಅಡ್ಡ ಹಿಡಿದು ಕೂತ. ಆರು ತಿಂಗಳಿಂದ ಮೋಡವಿಲ್ಲದ ಆಕಾಶ, ಉರಿಬಿಸಿಲು, ಅದರ ಕೆಳಗೆ ಕೊಡೆ ಹಿಡಿದ ಮನುಷ್ಯ. ಮೇಷ್ಟ್ರ ಬಕೆಟ್ಟಿನ ಮೊದಲ ಅಲೆ ಕೊಡೆಯ ಮೇಲೆ ಬಿದ್ದು ಇಂಜಿನಿಯರ ಬೂಟಿಗೆ ಇಳಿಯಿತು.

"ಹುಚ್ಚು ಹಿಡೀತೇನ್ರೀ?" ಎಂದರು ಇಂಜಿನಿಯರು. "ಗಾಯ ಆಗಿದೆ, ನೀರು ಹಾಕ್ಬೇಡ ಅಂತೀರಲ್ಲ? ನಿಮ್ಮ ಪದ್ಧತಿ ಏನು, ಈಗಲಾದ್ರೂ ಹೇಳಿ!"

ಮೀಟರಣ್ಣ ಕೊಡೆಯ ಕೆಳಗಿಂದ ತಲೆ ಹೊರಹಾಕಿದ. ಮುಖಕ್ಕೆಲ್ಲ ಮಣ್ಣು. ಬೀದಿ ಬಕೆಟ್ಟು ಹಿಡಿದು ಕಾಯುತ್ತಿತ್ತು. ಎರಡು ವಾರದಿಂದ ಅವನು ಸವಿದಿದ್ದ ಗೌರವವೆಲ್ಲ ಆ ಬಕೆಟ್ಟುಗಳ ಹಿಂದೆ ನಿಂತಿತ್ತು.

"ಪದ್ಧತಿ ಅಂತ ಏನೂ ಇಲ್ಲ ಸಾರ್," ಎಂದ. "ಸುಳ್ಳು ಹೇಳಿದೆ. ನಾನು ಮಾಡಿದ್ದು ಏನೂ ಇಲ್ಲ. ನೆಟ್ಟೆ, ಬಿಟ್ಟೆ. ಎಲ್ಲ ಅವಳೇ ಮಾಡ್ಕೊಂಡಿದ್ದು. ನಾನು ನೀರು ಹಾಕಿದ್ದೆಲ್ಲ ಸತ್ತಿದೆ, ಬೇಕಾದ್ರೆ ಸಿಸ್ಟರನ್ನ ಕೇಳಿ."

"ಅದು ನಿಜ," ಎಂದಳು ಸಿಸ್ಟರ್.

ಯಾರೋ ನಕ್ಕರು. ಎಲ್ಲರೂ ನಗುವ ಮೊದಲೇ ಸಿಸ್ಟರ್ ಸಮವಸ್ತ್ರದ ತೋಳು ಮಡಚಿಕೊಂಡು ಗುಂಡಿಗೆ ಇಳಿದಳು. ಮುಂದಿನ ಅರ್ಧ ಗಂಟೆ ಆ ಅಂಗಳದಲ್ಲಿ ಆಕೆಯದೇ ರಾಜ್ಯ. ಫಿಟ್ಟರನಿಂದ ಹರಿತವಾದ ಚಾಕು ತೆಗೆದುಕೊಂಡು ಜಜ್ಜಿದ ಬೇರನ್ನು ನಯವಾಗಿ ಸವರಿದಳು. ಗಾಯಕ್ಕೆ ಇದ್ದಿಲಪುಡಿ ಹಚ್ಚಿದಳು. "ಗಾಯ ಒಣಗೋ ತನಕ ಮಣ್ಣು ಮುಚ್ಚಬಾರದು. ಯಾರೂ ಮುಟ್ಟಬಾರದು," ಎಂದಳು. ಇಂಜಿನಿಯರು ಮೂರು ಪೈಪಿನ ತುಂಡು ತರಿಸಿ, ಲೆವೆಲ್ ಹಿಡಿದು ನೋಡಿ, ಯಕ್ಕನನ್ನು ನೆಟ್ಟಗೆ ನಿಲ್ಲಿಸಿ ಊರುಗೋಲು ಕಟ್ಟಿಸಿದರು. ಆ ಬೀದಿಯ ಯಾವ ನಳವನ್ನೂ ಇಲಾಖೆ ಅಷ್ಟು ಕಾಳಜಿಯಿಂದ ಜೋಡಿಸಿರಲಿಲ್ಲ. ಮೇಷ್ಟ್ರು ಒಂದು ಹಲಗೆ ತಂದು ಕಪ್ಪು ಬಣ್ಣದಲ್ಲಿ ಬರೆದು ಗೇಟಿಗೆ ತೂಗುಹಾಕಿದರು: "ಯಕ್ಕನಿಗೆ ನೀರು ಬೇಡ, ದಯವಿಟ್ಟು ನಿಮ್ಮ ಮನೆಗೆ ಒಯ್ಯಿರಿ." ಟ್ಯಾಂಕರು ಬಂದಾಗ ಅದರ ನೀರನ್ನು ಬೀದಿ ಸಾಲಾಗಿ ನಿಂತು ಹಂಚಿಕೊಂಡಿತು.

ಐದು ದಿನ ಬಿಟ್ಟು ಒಣಮರಳು ತುಂಬಿ ಗುಂಡಿ ಮುಚ್ಚಿದರು. ಆಮೇಲಿನ ವಾರಗಳು ಮೀಟರಣ್ಣನಿಗೆ ಬಲು ಕಷ್ಟದವು. ಕೆಳಗಿನ ಎಲೆಗಳು ಒಂದೊಂದಾಗಿ ಹಳದಿಯಾದವು. ಅವನು ಬೆಳಿಗ್ಗೆ ಎದ್ದು ಹಳದಿ ಎಲೆ ಎಣಿಸುತ್ತಿದ್ದ. ಏಳು. ಒಂಬತ್ತು. ಹನ್ನೊಂದು. ಮೇಷ್ಟ್ರು ಕಾಂಪೌಂಡಿನ ಆಚೆಯಿಂದ ಕೇಳುತ್ತಿದ್ದರು: "ಹೇಗಿದ್ದಾಳೆ?" ಅವರು ಸ್ತ್ರೀಲಿಂಗ ಬಳಸಿದ್ದನ್ನು ಮೀಟರಣ್ಣ ಗಮನಿಸಿದ. ಅಜ್ಜಿ ತನ್ನ ಬಾಗಿಲಲ್ಲಿ ಕೂತು ಕಾವಲು ಕಾಯುತ್ತಿದ್ದಳು. ಮೂಲೆಮನೆಯವರು ಯಾರೂ ಇಲ್ಲದ ಹೊತ್ತು ನೋಡಿ ಒಂದು ಲೋಟ ನೀರು ಹಾಕಲು ಬಂದು ಎರಡು ಸಲ ಸಿಕ್ಕಿಬಿದ್ದರು. ಹನ್ನೊಂದಕ್ಕೆ ಹಳದಿ ನಿಂತಿತು.

ಆರನೆಯ ವಾರ ಒಂದು ಬೆಳಿಗ್ಗೆ ಎಲೆಗಳ ನಡುವಿನಿಂದ ಮಣಿಕಟ್ಟಿನ ದಪ್ಪದ, ನೇರಳೆ ಮೊಗದ ಒಂದು ಮೊಳಕೆ ತಲೆಯೆತ್ತಿತ್ತು. ಮೀಟರಣ್ಣ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬೀದಿಗೆ ಓಡಿದ. ಏನು ಹೇಳಿದನೋ ನೊರೆಯಲ್ಲಿ ಯಾರಿಗೂ ತಿಳಿಯಲಿಲ್ಲ, ಎಲ್ಲರೂ ಬಂದರು. ಅದು ದಿನಕ್ಕೆ ಗೇಣುದ್ದ ಏರಿತು. ಸೊಂಟ ದಾಟಿತು, ಹೆಗಲು ದಾಟಿತು. ಮೀಟರಣ್ಣನ ತಲೆ ದಾಟಿದ ದಿನ ಇಂಜಿನಿಯರು ಜೀಪು ನಿಲ್ಲಿಸಿ ಇಳಿದು, ಯಾವ ಪಂಪೂ ಇಲ್ಲದೆ ಇಷ್ಟು ಮೇಲಕ್ಕೆ ಹೇಗೆ ಏರಿಸುತ್ತಾಳೆಂದು ಕಾಲು ಗಂಟೆ ತಲೆ ಕೆರೆದುಕೊಂಡು ಹೋದರು. ತುದಿಯಲ್ಲಿ ಕೊಂಬೆ ಬಿಚ್ಚಿತು. ಕೊಂಬೆಯ ತುಂಬ ಮೊಗ್ಗು.

ಬಿಸಿಲು ಇಳಿದ ಒಂದು ಸಂಜೆ ಮೊಗ್ಗು ಒಡೆದವು. ಒಂದಲ್ಲ, ಹತ್ತಲ್ಲ, ಎರಡು ನೂರಕ್ಕೂ ಮಿಕ್ಕಿ. ಹಾಲುಬಿಳುಪಿನ ಗಂಟೆಗಳು ತಲೆ ತಗ್ಗಿಸಿ ತೂಗುತ್ತಿದ್ದವು. ಕತ್ತಿಗಳ ನಡುವಿನಿಂದ ಅಷ್ಟು ಮೃದುವಾದದ್ದು ಹೇಗೆ ಬಂತೆಂದು ಯಾರಿಗೂ ಅರ್ಥವಾಗಲಿಲ್ಲ. ಒಣಗಿದ ಬೀದಿಯಲ್ಲಿ ತೆಳ್ಳಗೆ ಪರಿಮಳ ಹರಡಿತು. ಮನೆಮನೆಯಿಂದ ಕುರ್ಚಿಗಳು ಬಂದವು. ಮೇಷ್ಟ್ರು ಮುಂದಿನ ಸಾಲಲ್ಲಿ ಕೂತರು. ಫಿಟ್ಟರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ಹಿಂದೆ ನಿಂತ. ತಾನು ಹಾರೆ ಹಾಕಿದ ಜಾಗ ಯಾವುದೆಂದು ಮೆಲ್ಲಗೆ ತೋರಿಸುತ್ತಿದ್ದ.

ಮೀಟರಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೇಟಿನ ಮುಂದೆ ಬಂದು ನಿಂತ. ಇಷ್ಟು ಜನ ತನ್ನ ಅಂಗಳದ ಮುಂದೆ! ಎರಡು ಮಾತು ಆಡಬೇಕೆನ್ನಿಸಿತು. ಗಂಟಲು ಸರಿಮಾಡಿಕೊಂಡ.

"ಏನಪ್ಪಾ," ಎಂದಳು ಅಜ್ಜಿ ತನ್ನ ಕುರ್ಚಿಯಿಂದ, "ಸ್ವಲ್ಪ ಪಕ್ಕಕ್ಕೆ ಸರಿ. ಯಕ್ಕ ಕಾಣ್ತಿಲ್ಲ."

ಮೀಟರಣ್ಣ ಸರಿದ. ಸಿಸ್ಟರ್ ತನ್ನ ಕುರ್ಚಿಯಲ್ಲಿ ಅರ್ಧ ಜಾಗ ಬಿಟ್ಟಳು. ಅವನು ಅಲ್ಲಿ ಕೂತು, ಎಲ್ಲರ ಹಾಗೆ ಕತ್ತೆತ್ತಿ ನೋಡತೊಡಗಿದ.